ಆಕ್ಷೇಪಣೆ ಇಲ್ಲ

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಬದಲಾಗುತ್ತಲೇ ಇರುತ್ತಾರೆ. ಹೊಸಬರು ಬಂದಾಗಲೆಲ್ಲ ನನಗೆ ಅದೇ ಗ್ರಹಚಾರ. ಸಂಜೆ ಆಫೀಸಿನಿಂದ ಸುಸ್ತಾಗಿ ಬಂದು ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸುತ್ತೇನೆ. ಆತ ಎದ್ದು ಬಂದು ನನ್ನ ಮುಖ ನೋಡುವುದಿಲ್ಲ, ನಂಬರ್ ಪ್ಲೇಟ್ ನೋಡುತ್ತಾನೆ. ಕೆಎ 14. ‘ಕುಣಾಕಡೆ?’ ಅನ್ನುತ್ತಾನೆ. ಯಾರ ಮನೆಗೆ ಅಂತ. ನನ್ನ ಮನೆಗೇ ಅಂದರೆ ನಂಬುವುದಿಲ್ಲ, ರಿಜಿಸ್ಟರ್ ಮುಂದೆ ಹಿಡಿಯುತ್ತಾನೆ. ಜಗಳ ಆಡುವಷ್ಟು ಮರಾಠಿ ನನಗಿನ್ನೂ ಬಂದಿಲ್ಲ. ಜಗಳ ಬೇರೆ ಭಾಷೆಯಲ್ಲಿ ಆಡುವುದು ಸುಲಭ ಅಲ್ಲ, ತರಕಾರಿ ಕೊಳ್ಳುವಷ್ಟು ಕಲಿತರೆ ಸಾಲದು. ಹಾಗಾಗಿ ಬಂದವರ ಹೆಸರಿನ ಕಾಲಮ್ಮಿನಲ್ಲಿ ನನ್ನ ಹೆಸರು ಬರೆದು, ಯಾರನ್ನು ನೋಡಬೇಕು ಅನ್ನುವ ಕಾಲಮ್ಮಿನಲ್ಲೂ ನನ್ನ ಹೆಸರನ್ನೇ ಬರೆದು ಒಳಗೆ ಹೋಗುತ್ತೇನೆ. ಹೊರಗೆ ಹೋದ ಸಮಯ ಅಂತ ಒಂದು ಕಾಲಮ್ ಇದೆ, ಅದು ಖಾಲಿ. ಆ ರಿಜಿಸ್ಟರಿನ ಪ್ರಕಾರ ನನ್ನನ್ನು ನೋಡಲು ಬಂದ ನಾನು ಇನ್ನೂ ಎದ್ದು ಹೋಗಿಲ್ಲ.

ಶಿವಮೊಗ್ಗ ಬಿಟ್ಟು ಪುಣೆಗೆ, ಅಂದರೆ ಪುಣೆಗೆ ಅಂಟಿಕೊಂಡಿರುವ ಪಿಂಪ್ರಿ-ಚಿಂಚ್‌ವಾಡಕ್ಕೆ ಬಂದವನು ನಾನು. ಊರು ಬಿಡುವುದರ ಬಗ್ಗೆ, ಅಪ್ಪ-ಅಮ್ಮನನ್ನು ಬಿಟ್ಟು ಬರುವುದರ ಬಗ್ಗೆ ಏನೋ ಒಂದು ಗಹನವಾದದ್ದು ಹೇಳಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೇನೆ. ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಹೊಟ್ಟೆಯುರಿ ಇದೆ, ಅದನ್ನು ಇಳಿಸಿಕೊಳ್ಳಬೇಕು.

ಬೇರೆ ರಾಜ್ಯಕ್ಕೆ ಹೋಗುವವರಿಗೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಅಮೆರಿಕಕ್ಕೆ ಹೊರಟವನನ್ನು ಕಳಿಸಲು ಎರಡು ಗಾಡಿ ಮಾಡಿಕೊಂಡು ಏರ್‌ಪೋರ್ಟಿಗೆ ಹೋಗುತ್ತಾರೆ. ಅತ್ತೆ ಅಳುತ್ತಾಳೆ, ದೊಡ್ಡಪ್ಪ ಭಾಷಣ ಮಾಡುತ್ತಾರೆ. ಪುಣೆಗೆ ಹೊರಟವನಿಗೆ ಸಿಗುವುದು ಒಂದೇ ಪ್ರಶ್ನೆ: ‘ಬೆಂಗಳೂರಲ್ಲಿ ಸಿಗಲಿಲ್ವಾ?’ ಸಿಕ್ಕಿತ್ತು ಸ್ವಾಮಿ, ಬೇಡ ಅಂತ ಬಂದೆ ಅಂದರೆ ಯಾರೂ ನಂಬುವುದಿಲ್ಲ. ಸರಿ, ಮನೆ ನೆನಪಾಗುತ್ತದೆ ಅಂತ ಬಾಯಿ ತಪ್ಪಿ ಅಂದರೆ, ‘ಒಂದು ರಾತ್ರಿ ಬಸ್ಸು ಅಷ್ಟೇ ಅಲ್ವಾ’ ಅನ್ನುತ್ತಾರೆ. ಅಷ್ಟು ಹತ್ತಿರ ಇದ್ದೀಯಲ್ಲ, ಗೃಹಪ್ರವೇಶಕ್ಕೆ ಯಾಕೆ ಬರಲಿಲ್ಲ ಅಂತಲೂ ಅವರೇ ಕೇಳುತ್ತಾರೆ. ದೂರ ಹೋದವನಿಗೆ ಸಿಗುವ ಕನಿಕರವೂ ಇಲ್ಲ, ಹತ್ತಿರ ಇರುವವನಿಗೆ ಸಿಗುವ ಊಟವೂ ಇಲ್ಲ. ರಾಜ್ಯದ ಗಡಿಯ ಕೊಗನೋಳಿ ಟೋಲ್ ದಾಟಿದ ಮೇಲೆ ಅಂಗಡಿ ಬೋರ್ಡಿನ ಭಾಷೆ ಬೇರೆ, ಕರೆಂಟ್ ಬಿಲ್ಲಿನ ಭಾಷೆ ಬೇರೆ, ಬೈಸಿಕೊಳ್ಳುವ ಭಾಷೆಯೂ ಬೇರೆ ಅನ್ನುವುದು ಇವರ ಲೆಕ್ಕಕ್ಕೇ ಬರುವುದಿಲ್ಲ. ಆಯಿತು, ಇಳಿಯಿತು.

ಈಗ ಸ್ಕೂಟರಿನ ವಿಷಯ. ಅದು ಸಣ್ಣದು, ಬೇಗ ಮುಗಿಸುತ್ತೇನೆ.

ಸಂವಿಧಾನದ 19ನೇ ವಿಧಿಯ ಪ್ರಕಾರ ನಾನು ಭಾರತದಲ್ಲಿ ಎಲ್ಲಿ ಬೇಕಾದರೂ ಓಡಾಡಬಹುದು, ಎಲ್ಲಿ ಬೇಕಾದರೂ ಮನೆ ಮಾಡಬಹುದು. ಈ ಹಕ್ಕು ಇರುವುದು ಪ್ರಜೆಗಳಿಗೆ. ಸ್ಕೂಟರ್ ಪ್ರಜೆ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಹಳೆಯ ಊರಿನ ಆರ್‌ಟಿಓದಿಂದ ಎನ್‌ಓಸಿ ತರಬೇಕು. ಈ ಗಾಡಿ ರಾಜ್ಯ ಬಿಟ್ಟು ಹೋಗಲು ನಮ್ಮದೇನೂ ಆಕ್ಷೇಪಣೆ ಇಲ್ಲ ಎಂಬ ಪತ್ರ. ನಾನು ಹೊರಡುವಾಗ ಆಕ್ಷೇಪಣೆ ಇತ್ತು. ಅಮ್ಮ ಅದನ್ನು ದಿನಕ್ಕೆ ಮೂರು ಹೊತ್ತು ಸಲ್ಲಿಸುತ್ತಿದ್ದಳು. ಆದರೂ ನಾನು ಬಂದುಬಿಟ್ಟೆ, ಯಾವ ಚೆಕ್‌ಪೋಸ್ಟಿನಲ್ಲೂ ಯಾರೂ ತಡೆಯಲಿಲ್ಲ. ಯಾರ ತಕರಾರೂ ಇಲ್ಲದ ಸ್ಕೂಟರಿಗೆ ಮಾತ್ರ ಪತ್ರ ಬೇಕು.

ಆ ಪತ್ರ ಕೊಡುವ ಮೊದಲು ಈ ಗಾಡಿ ಕಳ್ಳತನದ್ದಾ ಅಂತ ಪೊಲೀಸರ ವರದಿ ನೋಡುತ್ತಾರೆ, ಸರ್ಕಾರಕ್ಕೆ ಏನಾದರೂ ಬಾಕಿ ಇದೆಯಾ ಅಂತ ನೋಡುತ್ತಾರೆ. ಆಮೇಲೆ ಒಂದು ಸೊಗಸಾದ ಮಾತಿದೆ ಕಾನೂನಿನಲ್ಲಿ. ಅರ್ಜಿ ಕೊಟ್ಟು 30 ದಿನ ಆದರೂ ಅಧಿಕಾರಿ ಕೊಡುತ್ತೇನೆ, ಕೊಡುವುದಿಲ್ಲ ಅಂತ ಏನೂ ತಿಳಿಸದಿದ್ದರೆ ಕೊಟ್ಟ ಹಾಗೇ ಲೆಕ್ಕ. ಇದನ್ನು ಬರೆದವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ಹೋಗಬೇಕಿತ್ತು. ನಮ್ಮಮ್ಮ 30 ದಿನ ಮಾತಾಡದೆ ಇದ್ದರೆ ಅದು ಒಪ್ಪಿಗೆ ಅಂತ ತಿಳಿದು ಮುಂದುವರಿದವರು ಯಾರೂ ಚೆನ್ನಾಗಿ ಬಾಳಿಲ್ಲ.

ಕಷ್ಟ ಶುರುವಾದದ್ದು ಎಲ್ಲಿ ಅಂದರೆ, ಸ್ಕೂಟರ್ ನನ್ನದಲ್ಲ, ಅಪ್ಪನದು. ಹೆಡ್‌ಮಾಸ್ಟರಾಗಿ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ತಗೊಂಡದ್ದು. ‘ನನಗೇನು, ನಡೆದುಕೊಂಡೇ ಹೋಗ್ತೀನಿ, ನೀನು ತಗೊಂಡು ಹೋಗು’ ಅಂತ ಸಾಮಾನಿನ ಲಾರಿಗೆ ತಾವೇ ನಿಂತು ಹತ್ತಿಸಿದ್ದರು. ಈಗ ಅಪ್ಪನ ಹೆಸರಲ್ಲೇ ಇಲ್ಲಿಯ ನಂಬರ್ ಮಾಡಿಸೋಣ ಅಂದರೆ ಅಪ್ಪನಿಗೆ ಇಲ್ಲಿಯ ವಿಳಾಸ ಇಲ್ಲ. ಹಾಗಾಗಿ ಮೊದಲು ಗಾಡಿ ನನ್ನ ಹೆಸರಿಗೆ ಬರಬೇಕು. ಅದಕ್ಕೆ ಫಾರಂ 29. ಡೌನ್‌ಲೋಡ್ ಮಾಡಿ, ಭರ್ತಿ ಮಾಡಿ, ಇಲ್ಲೊಂದು ಸೈನ್ ಹಾಕಿ ಅಂತ ಕೊರಿಯರ್ ಮಾಡಿದೆ.

ಎರಡು ದಿನ ಬಿಟ್ಟು ಅಪ್ಪನ ಫೋನ್. ‘ಇದಕ್ಕೆ ನಾನು ಸೈನ್ ಹಾಕೋದಿಲ್ಲ.’

‘ಯಾಕೆ?’

‘ಸುಳ್ಳು ಬರೆದಿದೆ. ಈ ವಾಹನವನ್ನು ಮಾರಿ ವಶಕ್ಕೆ ಕೊಟ್ಟಿದ್ದೇನೆ ಅಂತ ಇದೆ. ವಶಕ್ಕೆ ಕೊಟ್ಟದ್ದು ನಿಜ. ಮಾರಿದ್ದು ಯಾವಾಗ?’

‘ಅದು ಫಾರಂನಲ್ಲಿ ಹಾಗೇ ಇರುತ್ತೆ ಅಪ್ಪ, ಎಲ್ಲರೂ ಹಾಕ್ತಾರೆ.’

‘ಎಲ್ಲರೂ ಹಾಕ್ತಾರೆ ಅಂತ ಹೇಳಿದ ಹುಡುಗರನ್ನೆಲ್ಲ ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ.’

ವಾದ ಒಂದು ವಾರ ನಡೆಯಿತು. ಉಡುಗೊರೆ ಅಂತ ಬರೆಯಬಹುದಾ ಅಂತ ಕೇಳಿದರು. ಆ ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ. ಒಂದೇ ದಾರಿ, ನಿಜವಾಗಿ ಮಾರುವುದು. ಬೆಲೆ 101 ರೂಪಾಯಿ ಅಂತ ಅವರೇ ನಿಗದಿ ಮಾಡಿದರು. ಚೌಕಾಶಿ ಇಲ್ಲ. ಫೋನ್‌ಪೇ ಮಾಡಿದೆ. ಬಂತೋ ಇಲ್ಲವೋ ಅಂತ ಬ್ಯಾಂಕಿಗೇ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದು ಆಮೇಲೆ ಸೈನ್ ಹಾಕಿದರು. ಜೊತೆಗೆ ಬಿಳಿ ಹಾಳೆಯಲ್ಲಿ ಒಂದು ರಸೀದಿ, ಅದರ ಮೇಲೆ ರೆವಿನ್ಯೂ ಸ್ಟ್ಯಾಂಪ್, ಸ್ಟ್ಯಾಂಪಿನ ಮೇಲೆ ಅಡ್ಡ ಸೈನ್. 101 ರೂಪಾಯಿಗೆ ಸ್ಟ್ಯಾಂಪ್ ಬೇಕಾಗಿಯೇ ಇಲ್ಲ. ಹೇಳಿದ್ದಕ್ಕೆ, ‘ಇರಲಿ, ನಾಳೆ ನೀನೇ ಕೇಳಿದರೆ?’ ಅಂದರು. ಅಮ್ಮನ ಚಿಂತೆ ಬೇರೆ. ಅಪ್ಪ ಮಗನಿಗೆ ಸ್ಕೂಟರ್ ಮಾರಿದರು, ಅದೂ ದುಡ್ಡು ಎಣಿಸಿಕೊಂಡು ಮಾರಿದರು ಅಂತ ಬೀದಿಯವರಿಗೆ ಗೊತ್ತಾದರೆ ಏನಂದುಕೊಂಡಾರು? ಬೀದಿಗೆ ಗೊತ್ತಾಯಿತು. ಹೇಳಿದ್ದು ಅಮ್ಮನೇ.

ಇನ್ನು ಎನ್‌ಓಸಿ ಅರ್ಜಿ. ಅದು ಫಾರಂ 28. ಆನ್‌ಲೈನ್ ಇದೆ, ಮನೆಯಲ್ಲೇ ಕೂತು ಮಾಡಬಹುದು ಅನ್ನುತ್ತಾರೆ. ಓಟಿಪಿ ಹೋಗುವುದು ಅಪ್ಪನ ಮೊಬೈಲಿಗೆ. ಓಟಿಪಿ ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಅಪ್ಪನಿಗೆ ಹೇಳಿದ್ದಾರೆ. ‘ನಾನು ನಿಮ್ಮ ಮಗ ಅಪ್ಪ’ ಅಂದೆ. ‘ಯಾರಿಗೂ ಅಂತ ಇದೆ. ಮಗನನ್ನು ಬಿಟ್ಟು ಅಂತ ಇಲ್ಲ.’ ಕೊನೆಗೆ ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ತಾವೇ ಒಂದೊಂದೇ ಅಂಕಿ ಒತ್ತಿದರು. ಆ ಹುಡುಗ ನೋಡಲಿಲ್ಲವಾ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಎನ್‌ಓಸಿ ಇನ್ನೂ ತಡವಾಗುತ್ತಿತ್ತು.

ಆಮೇಲೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು ಅಂದರು. ಸ್ಕೂಟರಿನ ಚಾಸಿಯ ಮೇಲೆ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಕು, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿದ್ದ ಹಾಗೆ. ಇಷ್ಟು ಕಂಪ್ಯೂಟರ್ ಬಂದ ಮೇಲೂ ಸರ್ಕಾರ ಪೆನ್ಸಿಲ್ಲನ್ನು ಬಿಟ್ಟಿಲ್ಲ ಅನ್ನುವುದು ನನಗೆ ಒಂಥರಾ ಇಷ್ಟವಾಯಿತು. ಸ್ಕೂಟರ್ ಇಲ್ಲಿ, ಆರ್‌ಟಿಓ ಅಲ್ಲಿ. ಭಾನುವಾರ ಪಾರ್ಕಿಂಗಿನಲ್ಲಿ ಅಂಗಾತ ಮಲಗಿ ಉಜ್ಜಿ, ಕೊರಿಯರ್ ಮಾಡಿದೆ. ಅಪ್ಪ ಅದನ್ನು ಆರ್‌ಟಿಓಗೆ ಒಯ್ಯುವ ಮೊದಲು ತಾವೇ ಪರಿಶೀಲನೆ ಮಾಡಿದರು. ‘ಕೊನೆಯಿಂದ ನಾಲ್ಕನೆಯದು ಐದೋ ಎಸ್ಸೋ ಗೊತ್ತಾಗ್ತಿಲ್ಲ. ಗಡಿಬಿಡಿ ಮಾಡಿದ್ದೀಯ. ಇನ್ನೊಂದು ಸಲ ಬರೆದು ಕಳಿಸು.’ ನಲವತ್ತರ ಹತ್ತಿರ ಬಂದ ಮೇಲೆ ಹೋಂವರ್ಕ್ ವಾಪಸ್ ಬಂತು.

ಇಷ್ಟರ ನಡುವೆ ನಾನು ಗಮನಿಸಿದ ಒಂದು ವಿಷಯ. ಮೊದಲೆಲ್ಲ ಫೋನ್ ಮಾಡಿದರೆ ಅಪ್ಪ ‘ಹ್ಞಾಂ, ಚೆನ್ನಾಗಿದ್ದೀಯಾ, ತಗೋ ಅಮ್ಮ ಮಾತಾಡ್ತಾಳೆ’ ಅಂತ ಅಮ್ಮನ ಕೈಗೆ ಕೊಡುತ್ತಿದ್ದರು. ಈಗ ಅಮ್ಮನಿಗೆ ಫೋನ್ ಸಿಗುವುದೇ ಇಲ್ಲ. ಆರ್‌ಟಿಓ ಕೌಂಟರಿನಲ್ಲಿ ಯಾರು ಕೂತಿದ್ದರು, ಕ್ಯೂನಲ್ಲಿ ಸಿಕ್ಕ ಹಳೆಯ ಶಿಷ್ಯ ಏನು ಮಾಡುತ್ತಿದ್ದಾನೆ, ಝೆರಾಕ್ಸ್ ಅಂಗಡಿಯವನು ಒಂದು ಪುಟ ವಾರೆ ಹೊಡೆದದ್ದು, ಮೂರು ಪ್ರತಿಯಲ್ಲಿ ಒಂದನ್ನು ತಾವು ಫೈಲಿನಲ್ಲಿ ಇಟ್ಟುಕೊಂಡದ್ದು. ಹೀಗೆ ಅರ್ಧ ಗಂಟೆ. ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಾದ ಜಾಗ ಬಹುಶಃ ಇದೇ. ಆದರೆ ಟ್ಯಾಕ್ಸಿನ ವಿಷಯ ಇನ್ನೂ ಬಾಕಿ ಇದೆ.

ಉಳಿದದ್ದೆಲ್ಲ ಇಷ್ಟು ಕಷ್ಟ ಅಲ್ಲ. ಗ್ಯಾಸಿನ ಸಿಲಿಂಡರು, ರೆಗ್ಯುಲೇಟರು ವಾಪಸ್ ಕೊಟ್ಟು ಡಿಪಾಸಿಟ್ ತಗೊಂಡು ಬಂದು ಇಲ್ಲಿ ಕನೆಕ್ಷನ್ ಮಾಡಿಸಿಕೊಳ್ಳಬಹುದು. ವೋಟಿಗೆ ಫಾರಂ 8 ಇದೆ, ನಾನಿನ್ನೂ ತುಂಬಿಲ್ಲ, ಅದರ ಕಾರಣ ಕೇಳಬೇಡಿ. ಮಕ್ಕಳಿರುವವರ ಪಾಡು ಮಾತ್ರ ಬೇರೆ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದರೆ ಸಾಮಾನ್ಯವಾಗಿ ಏಳು ವರ್ಷ ಅಲ್ಲೇ ಓದಿರಬೇಕು. ಇಲ್ಲಿಗೆ ಬಂದ ನಮ್ಮವರು ಮಕ್ಕಳ ವರ್ಷವನ್ನು ಬೆರಳು ಮಡಚಿ ಎಣಿಸುತ್ತಿರುತ್ತಾರೆ, ಯಾವಾಗ ವಾಪಸ್ ಹೋದರೆ ಲೆಕ್ಕಕ್ಕೆ ಸಿಗುತ್ತದೆ ಅಂತ.

ಟ್ಯಾಕ್ಸ್. ಗಾಡಿ ಕೊಂಡಾಗ ಲೈಫ್‌ಟೈಮ್ ಟ್ಯಾಕ್ಸ್ ಅಂತ ಕಟ್ಟಿಸಿಕೊಳ್ಳುತ್ತಾರೆ. ಯಾರ ಲೈಫು? ರಾಜ್ಯದ ಗಡಿ ದಾಟಿದ ಕೂಡಲೇ ಅದು ತೀರಿಕೊಳ್ಳುತ್ತದೆ. ಹೊಸ ರಾಜ್ಯದಲ್ಲಿ ಮತ್ತೆ ಕಟ್ಟಬೇಕು, ಹಳೆಯ ರಾಜ್ಯದಿಂದ ಉಳಿದದ್ದನ್ನು ಅರ್ಜಿ ಹಾಕಿ ವಾಪಸ್ ಪಡೆಯಬೇಕು. ಕಟ್ಟುವುದು ಮೊದಲು, ಪಡೆಯುವುದು ಆಮೇಲೆ. ಒಂದೇ ದೇಶ, ಒಂದೇ ರಸ್ತೆ, ಅದೇ ಗುಂಡಿ. ಇಲ್ಲಿಯವರನ್ನೇ ಬೈದು ಪ್ರಯೋಜನ ಇಲ್ಲ, ನಮ್ಮವರೂ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ಪಾಂಡಿಚೇರಿ ನಂಬರಿನ ದುಬಾರಿ ಕಾರುಗಳನ್ನು ಅಡ್ಡ ಹಾಕಿ ಹಿಡಿಯುವಾಗ ನಾನೂ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟಿದವನೇ. 2021ರಲ್ಲಿ ಬಂದ ಬಿಎಚ್ ಸೀರೀಸ್ ನಂಬರ್ ಇದ್ದರೆ ಈ ರಗಳೆ ಇಲ್ಲ, ಯಾವ ರಾಜ್ಯಕ್ಕೆ ಬೇಕಾದರೂ ಹೋಗಬಹುದು. ಆದರೆ ಅದು ಸರ್ಕಾರಿ ನೌಕರರಿಗೆ, ಇಲ್ಲವೇ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಆಫೀಸಿರುವ ಖಾಸಗಿ ಕಂಪನಿಯವರಿಗೆ. ನಮ್ಮ ಕಂಪನಿಗೆ ಇರುವುದು ಎರಡು ಕಡೆ. ಇನ್ನೆರಡು ರಾಜ್ಯದಲ್ಲಿ ಒಂದೊಂದು ಕುರ್ಚಿ ಹಾಕಿ ಅಂತ ಎಚ್‌ಆರ್‌ಗೆ ಹೇಳಿ ನೋಡಿದೆ. ನಕ್ಕರು.

ತಮಾಷೆ ಏನು ಗೊತ್ತಾ? ಶಿವಮೊಗ್ಗದ ನಂಬರ್ ಕೆಎ 14. ಪಿಂಪ್ರಿ-ಚಿಂಚ್‌ವಾಡದ್ದು ಎಂಎಚ್ 14. ಇಷ್ಟೆಲ್ಲ ಓಡಾಡಿದ ಮೇಲೂ 14 ಅಲ್ಲೇ ಕೂತಿರುತ್ತದೆ. ಇದನ್ನು ಅಪ್ಪನಿಗೆ ಹೇಳಿದೆ. ಅವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅವರ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಎನ್‌ಓಸಿ ಕೈಗೆ ಬಂದ ದಿನ ಫೋನ್ ಮಾಡಿ ಕೇಳಿದರು:

‘ಉಳಿದ ಟ್ಯಾಕ್ಸ್ ವಾಪಸ್ ಬರುತ್ತಂತಲ್ಲ, ಅದು ಯಾರಿಗೆ?’

‘ಗಾಡಿ ಈಗ ನನ್ನ ಹೆಸರಲ್ಲಿದೆ. ನನಗೆ.’

‘ಕಟ್ಟಿದ್ದು ನಾನು.’

‘ಗಾಡಿ ಮಾರಿದಿರಲ್ಲ ಅಪ್ಪ. 101 ರೂಪಾಯಿ ತಗೊಂಡಿದ್ದೀರಿ.’

‘ಸ್ಕೂಟರ್ ಮಾರಿದ್ದೀನಿ. ಟ್ಯಾಕ್ಸ್ ಮಾರಿಲ್ಲ. ರಸೀದಿ ತೆಗೆದು ಓದು.’

ತೆಗೆದು ಓದಿದೆ. ಮುತ್ತಿನಂಥ ಅಕ್ಷರದಲ್ಲಿ ‘ಸದರಿ ಸ್ಕೂಟರನ್ನು’ ಅಂತ ಮಾತ್ರ ಇದೆ. ಸ್ಟ್ಯಾಂಪ್ ಯಾಕೆ ಹಚ್ಚಿದ್ದರು ಅಂತ ಈಗ ಗೊತ್ತಾಗುತ್ತಿದೆ. ಅಮ್ಮ ಹಿಂದಿನಿಂದ ‘ಅರ್ಧ ಅರ್ಧ ಮಾಡ್ಕೊಳ್ಳಿ, ಬರೋದೇ ಚೂರು’ ಅಂತ ಕೂಗುತ್ತಿದ್ದಳು. ಇಬ್ಬರೂ ಒಪ್ಪಿಲ್ಲ.