ಮುಖ ನೋಡೋಕೆ 1,770 ರೂಪಾಯಿ

ನಮ್ಮ ಕೊಡಗಿನ ಕಡೆ ಕಾಫಿ ಮಾರಲು ಹೋದರೆ ವ್ಯಾಪಾರಿ ಮೊದಲು ಚೀಲಕ್ಕೆ ಕೈ ಹಾಕುತ್ತಾನೆ. ಒಂದಿಷ್ಟು ಚೆರ್ರಿ, ಅಂದರೆ ಒಣಗಿದ ಕಾಫಿ ಹಣ್ಣು ತೆಗೆದು, ಸಿಪ್ಪೆ ಬಿಡಿಸಿ, ಬೇಳೆ ತೂಗಿ, ‘ಓಟಿ ಇಪ್ಪತ್ತಾರೂವರೆ, ನೀರು ಸ್ವಲ್ಪ ಜಾಸ್ತಿ’ ಅನ್ನುತ್ತಾನೆ. ಓಟಿ ಅಂದರೆ ಸಿಪ್ಪೆ ಹೋಗಿ ಉಳಿಯುವ ಬೇಳೆಯ ಲೆಕ್ಕ. ನಮಗೆ ಉರಿಯುತ್ತದೆ. ಚೀಲ ಜೀಪಿಗೆ ವಾಪಸ್ ಹಾಕಿ ಮುಂದಿನ ಅಂಗಡಿಗೆ ಹೋಗುತ್ತೇವೆ. ಆದರೆ ಚೀಲಕ್ಕೆ ಕೈ ಹಾಕಿದ್ದಕ್ಕೆ ಅಂತ ಅವನು ಇವತ್ತಿನವರೆಗೆ ನಮ್ಮಿಂದ ಫೀಸು ಕೇಳಿಲ್ಲ. ಪಾಪ, ಅವನಿಗೆ ವ್ಯಾಪಾರ ಗೊತ್ತಿಲ್ಲ. ಭಾವಚಿತ್ರ ಸ್ಪರ್ಧೆ ನಡೆಸುವವರ ಹತ್ತಿರ ಒಂದು ವಾರ ಕೆಲಸಕ್ಕಿದ್ದರೆ ಕಲಿಯುತ್ತಿದ್ದ.

ನಾನು ಕಲಿತದ್ದು ಹೋದ ಮಳೆಗಾಲದಲ್ಲಿ. ಅಖಿಲ ಭಾರತ ಮಟ್ಟದ ಸ್ಪರ್ಧೆ. ಯಾರದ್ದು ಅಂತ ಹೇಳುವುದಿಲ್ಲ, ಮುಂದಿನ ಸಲವೂ ಅರ್ಜಿ ಹಾಕುವ ಆಸೆ ಇನ್ನೂ ಪೂರ್ತಿ ಸತ್ತಿಲ್ಲ. ಒಂದು ಚಿತ್ರಕ್ಕೆ ಪ್ರವೇಶ ಶುಲ್ಕ 1,500 ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ. ಒಟ್ಟು 1,770. ಯಾವ ಕಾರಣಕ್ಕೂ ವಾಪಸ್ ಇಲ್ಲ. ಚಿತ್ರ ಮಾರಾಟವಾದರೆ ಅದರ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಿಂದ 12ರ ಬದಲು ಬರೀ 5. ಅಂದರೆ ಚಿತ್ರ ಮಾರುವುದಕ್ಕಿಂತ ಚಿತ್ರ ತೋರಿಸುವುದೇ ದೊಡ್ಡ ಐಷಾರಾಮ.

ಮೊದಲ ಬಹುಮಾನ ಒಂದು ಲಕ್ಷ. ಪಕ್ಕದ ತೋಟದ ಅಜ್ಜನಿಗೆ ಇದನ್ನು ಹೇಳಿದೆ. ನನ್ನ ಚಿತ್ರಕ್ಕೆ ಕೂರುವವರು ಅವರೇ. ಎಂಬತ್ತು ದಾಟಿದರೂ ಲೆಕ್ಕ ಬಾಯಲ್ಲೇ ಇದೆ. ‘ಅರವತ್ತೇಳು ಜನ ದುಡ್ಡು ಕಟ್ಟಿದರೆ ಆ ಲಕ್ಷ ಹುಟ್ಟಿತು. ಅರವತ್ತೆಂಟನೆಯವನದ್ದು ಯಾರಿಗೆ?’ ಅಂದರು. ‘ಕಲೆಗೆ, ಅಜ್ಜ’ ಅಂದೆ. ‘ಓ, ನಾವು ಹುಡುಗರಾಗಿದ್ದಾಗ ಅದಕ್ಕೆ ಅಂದರ್ ಬಾಹರ್ ಅಂತಿದ್ದರು.’

ಇನ್ನು ನಿಯಮಗಳು. ಒಟ್ಟು ಹನ್ನೊಂದು ಪುಟ. ಎಲ್ಲಾ ಹೇಳುತ್ತಾ ಕೂತರೆ ಈ ಅಂಕಣಕ್ಕೂ ಪ್ರವೇಶ ಶುಲ್ಕ ಇಡಬೇಕಾಗುತ್ತದೆ. ನಾಲ್ಕನೆಯದು ಮಾತ್ರ ನೋಡಿ. ಚಿತ್ರವನ್ನು ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡೇ ಬರೆದಿರಬೇಕು, ಫೋಟೋ ನೋಡಿ ಬರೆಯಬಾರದು. ಒಳ್ಳೆಯ ನಿಯಮವೇ. ಸಿಡ್ನಿಯ ಭಾವಚಿತ್ರ ಸ್ಪರ್ಧೆ ಆರ್ಚಿಬಾಲ್ಡ್ ಪ್ರೈಜ್ 1921ರಿಂದ ನಡೆಯುತ್ತಿದೆ, ಅಲ್ಲೂ ವ್ಯಕ್ತಿ ಎದುರಿಗೆ ಕೂರಲೇಬೇಕು. 1975ರ ಬಹುಮಾನ ಪಡೆದ ಚಿತ್ರ ಫೋಟೋ ನೋಡಿ ಬರೆದದ್ದು ಅಂತ ಗೊತ್ತಾದಾಗ, ಕೊಟ್ಟ ಬಹುಮಾನವನ್ನೇ ಕಿತ್ತುಕೊಂಡರು. ನಮ್ಮವರು ಒಂದು ಹೆಜ್ಜೆ ಮುಂದೆ. ಫೋಟೋ ನೋಡಿ ಬರೆದಿಲ್ಲ ಅನ್ನುವುದಕ್ಕೆ ಸಾಕ್ಷಿಯಾಗಿ, ಅಜ್ಜ ನನ್ನೆದುರು ಕೂತಿರುವ ಮೂರು ಫೋಟೋ ಲಗತ್ತಿಸಬೇಕು. ಆಮೇಲೆ ಮುಗಿದ ಚಿತ್ರದ ಒಂದು ಫೋಟೋ ಕಳಿಸಬೇಕು. ತೀರ್ಪುಗಾರರು ಚಿತ್ರ ನೋಡುವುದಿಲ್ಲ, ಆ ಫೋಟೋ ನೋಡುತ್ತಾರೆ. ಫೋಟೋ ನೋಡಬಾರದು ಅನ್ನುವ ನಿಯಮ ನಮಗೆ ಮಾತ್ರ.

ಅಜ್ಜ ಕೂತರು. ಕಪ್ಪು ಕುಪ್ಯ ಅನ್ನುವ ನಿಲುವಂಗಿ, ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಅದರಲ್ಲಿ ಪೀಚೆಕತ್ತಿ. ಜುಲೈ ತಿಂಗಳು. ಮಡಿಕೇರಿ ಕಡೆಯ ಜುಲೈ ಕಂಡವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಆಯಿಲ್ ಪೇಂಟ್ ಒಣಗುತ್ತಾ? ಕ್ಯಾನ್ವಾಸನ್ನು ಅಡುಗೆಮನೆಯ ಒಲೆಯ ಮೇಲೆ, ಹಂದಿಮಾಂಸ ಒಣಗಿಸಲು ನೇತುಹಾಕುವ ಕಡೆ ಇಟ್ಟೆ. ಮೂರನೇ ದಿನ ಅಜ್ಜನ ಎಡಗೆನ್ನೆಯ ಮೇಲೆ ಸಣ್ಣಗೆ ಹಸಿರು ಬೂಷ್ಟು. ಒರೆಸಿದೆ. ಐದನೇ ದಿನ ಹಣೆಯ ಮೇಲೆ. ಅಜ್ಜ ನೋಡಿ, ‘ಪರವಾಗಿಲ್ಲ ಬಿಡು, ಈಗ ಸ್ವಲ್ಪ ನನ್ನ ಹಾಗೆ ಕಾಣ್ತಿದೆ’ ಅಂದರು.

ಒಂಬತ್ತನೇ ನಿಯಮ: ಫೋಟೋವನ್ನು ನೈಸರ್ಗಿಕ ಹಗಲು ಬೆಳಕಿನಲ್ಲಿ, ನೆರಳಿಲ್ಲದೆ, ಹೊಳಪಿಲ್ಲದೆ ತೆಗೆದಿರಬೇಕು. ಕೊನೆ ದಿನಾಂಕ ಜುಲೈ 31. ಆ ತಿಂಗಳಿಡೀ ಸೂರ್ಯ ನಮ್ಮ ಊರಿಗೆ ಅರ್ಜಿ ಹಾಕಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಮಂಜು ಹತ್ತು ನಿಮಿಷ ಸರಿಯಿತು. ನಾನು, ಹೆಂಡತಿ, ಕೆಲಸದ ಹುಡುಗ ಸೇರಿ ಚಿತ್ರವನ್ನು ಕಾಫಿ ಕಣಕ್ಕೆ ಹೊತ್ತುಕೊಂಡು ಓಡಿದೆವು. ಫೋಟೋ ಬಂತು, ಕರೆಂಟ್ ಹೋಯಿತು. ಅಪ್‌ಲೋಡ್ ಮಾಡಲು ಸ್ಕೂಟರಿನಲ್ಲಿ ಸಿಗ್ನಲ್ ಸಿಗುವ ತಿರುವಿಗೆ ಹೋಗಿ, ರೈನ್‌ಕೋಟಿನೊಳಗೆ ಮೊಬೈಲ್ ಹಿಡಿದು ನಿಂತೆ. ದುಡ್ಡು ಮಾತ್ರ ಒಂದೇ ಸಲಕ್ಕೆ ಹೋಯಿತು. ಫೋಟೋ ಹೋಗಲು ನಲವತ್ತು ನಿಮಿಷ.

ಇಷ್ಟು ಮುಗಿದ ಮೇಲೂ ಗೆದ್ದರೆ ಖರ್ಚು ಶುರು. ಆಯ್ಕೆಯಾದವರು ಚಿತ್ರಕ್ಕೆ ಫ್ರೇಮ್ ಹಾಕಿಸಬೇಕು, ಎರಡು ಇಂಚಿಗಿಂತ ಅಗಲ ಇರಬಾರದು, ಗಾಜು ಇರಬಾರದು. ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸಬೇಕು. ಕೊಡಗಿಗೆ ರೈಲಿಲ್ಲ, ಹಾಗಾಗಿ ಲಾರಿ ಪಾರ್ಸೆಲ್. ಹೋಗುವ ಖರ್ಚು, ಬರುವ ಖರ್ಚು, ವಿಮೆ ಎಲ್ಲಾ ನಮ್ಮದೇ. ಅಲ್ಲಿ ಮಾರಾಟವಾದರೆ ಶೇಕಡ 40 ಅವರದ್ದು. ಪ್ರದರ್ಶನ ಮುಗಿದು 15 ದಿನದಲ್ಲಿ ವಾಪಸ್ ಒಯ್ಯದಿದ್ದರೆ ಚಿತ್ರವೇ ಅವರದ್ದು. ಇದನ್ನೆಲ್ಲಾ ಕೂಡಿ ನೋಡಿದ ಹೆಂಡತಿ ಅವತ್ತಿನಿಂದ ದೇವರ ಮುಂದೆ ದೀಪ ಹಚ್ಚತೊಡಗಿದಳು. ಆಯ್ಕೆ ಆಗದಿರಲಿ ಅಂತ.

ಸ್ಪರ್ಧೆ ಅಂದರೆ ನನಗೆ ಗೊತ್ತಿದ್ದದ್ದು ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹೊತ್ತಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲೂ ದುಡ್ಡು ಕಟ್ಟುತ್ತೇವೆ. ಆದರೆ ಕಾಯಿ ಒಡೆದರೆ ಒಡೆಯಿತು, ಇಲ್ಲದಿದ್ದರೆ ಇಲ್ಲ. ಕಾಯಿ ಒಡೆದ ಮೇಲೆ ಯಾರೂ ಕನ್ನಡಕ ಸರಿ ಮಾಡಿಕೊಂಡು ‘ಗುಂಡಿನಲ್ಲಿ ಸಮಕಾಲೀನ ಸಂವೇದನೆ ಕಡಿಮೆ’ ಅನ್ನುವುದಿಲ್ಲ. ಇಲ್ಲಿ 150 ಪದಗಳಲ್ಲಿ ಕಲಾವಿದನ ಹೇಳಿಕೆ ಬೇರೆ ಬರೆಯಬೇಕಿತ್ತು. ‘ಪಕ್ಕದ ಮನೆಯ ಅಜ್ಜ, ಮುಖ ಚೆನ್ನಾಗಿದೆ’ ಅಂತ ಬರೆದೆ. ಇನ್ನೂ 145 ಪದ ಬಾಕಿ ಅಂತ ಕಂಪ್ಯೂಟರ್ ಹೇಳಿತು.

ಆರ್ಚಿಬಾಲ್ಡ್‌ನವರದ್ದೂ ಏನು ಸಾಧಾರಣ ರಗಳೆಯಲ್ಲ ಬಿಡಿ. ವಿಲಿಯಂ ಡೋಬೆಲ್ ಅನ್ನುವವರು 1943ರ ಬಹುಮಾನ ಗೆದ್ದಾಗ, ಸೋತ ಇಬ್ಬರು ಕಲಾವಿದರು ‘ಇದು ಭಾವಚಿತ್ರ ಅಲ್ಲ, ವ್ಯಂಗ್ಯಚಿತ್ರ’ ಅಂತ ಕೋರ್ಟಿಗೇ ಹೋದರು. ಜಡ್ಜ್ ಕೂತು ಕೇಳಿ, ಇದು ಭಾವಚಿತ್ರವೇ ಅಂದರು. ನನಗೆ ಹೊಟ್ಟೆಕಿಚ್ಚು. ಆ ಚಿತ್ರದ ಮೂಗು, ಕತ್ತಿನ ಬಗ್ಗೆ ಅಷ್ಟು ಜನ ತಲೆ ಕೆಡಿಸಿಕೊಂಡರಲ್ಲಾ! ಅಲ್ಲಿ ಚಿತ್ರಗಳ ಪೆಟ್ಟಿಗೆ ಇಳಿಸಿ, ಬಿಚ್ಚಿ, ಗೋಡೆಗೆ ಹಾಕುವ ಸಿಬ್ಬಂದಿಯೂ ತಮ್ಮದೇ ಒಂದು ಬಹುಮಾನ ಕೊಡುತ್ತಾರೆ. ಅವರಾದರೂ ಚಿತ್ರವನ್ನು ಕೈಯಲ್ಲಿ ಎತ್ತಿ ನೋಡಿರುತ್ತಾರೆ, ಅಲ್ವಾ?

ಕೊಡಗಿನವರ ಮುಖಕ್ಕೆ ಬೆಲೆ ಇರಲಿಲ್ಲ ಅಂತಲೂ ಅಲ್ಲ. ನಮ್ಮ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು ವಿಕ್ಟೋರಿಯಾ ರಾಣಿ ದತ್ತು ಮಗಳಂತೆ ನೋಡಿಕೊಂಡು, ಅರಮನೆಗಳ ಚಿತ್ರಕಾರ ವಿಂಟರ್‌ಹಾಲ್ಟರ್ ಕೈಯಲ್ಲಿ ಅವಳ ಚಿತ್ರ ಬರೆಸಿದಳು. ಆ ಚಿತ್ರ ಇವತ್ತಿಗೂ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಆ ಕಾಲದಲ್ಲಿ ದುಡ್ಡು ರಾಣಿಯ ಕಡೆಯಿಂದ ಚಿತ್ರಕಾರನ ಕಡೆಗೆ ಹರಿಯುತ್ತಿತ್ತು. ಮಧ್ಯೆ ಎಲ್ಲಿ ತಿರುವು ತಗೊಂಡಿತೋ.

ಅಕ್ಟೋಬರಿನಲ್ಲಿ ಮೇಲ್ ಬಂತು. ‘ಈ ಸಲ ಬಂದ ಚಿತ್ರಗಳ ಗುಣಮಟ್ಟ ಅಸಾಧಾರಣವಾಗಿತ್ತು. ವಿಷಾದವಿದೆ.’ ಯಾಕೆ ಬಿಟ್ಟರು ಅನ್ನುವುದಕ್ಕೆ ಒಂದು ಸಾಲಿಲ್ಲ. ಕಾಫಿ ವ್ಯಾಪಾರಿಯಾದರೂ ನೀರು ಜಾಸ್ತಿ ಅಂತ ಹೇಳುತ್ತಾನೆ. ಕೆಳಗೆ ಎರಡು ಗುಂಡಿಗಳು. ಒಂದು, 3,500 ರೂಪಾಯಿ ಕೊಟ್ಟರೆ ಚಿತ್ರವನ್ನು ಕ್ಯಾಟಲಾಗಿನ ‘ವಿಶೇಷ ಮೆಚ್ಚುಗೆ’ ಪುಟದಲ್ಲಿ ಹಾಕುತ್ತಾರಂತೆ. ಇನ್ನೊಂದು, ಮುಂದಿನ ವರ್ಷದ ಅರ್ಜಿಗೆ ಈಗಲೇ ದುಡ್ಡು ಕಟ್ಟಿದರೆ ಶೇಕಡ 10 ರಿಯಾಯಿತಿ.

ಹೆಂಡತಿ ದೇವರಿಗೆ ತೆಂಗಿನಕಾಯಿ ಒಡೆದಳು. ಚಿತ್ರ ಅಜ್ಜನ ಜಗಲಿ ಸೇರಿತು. ಅವರ ಮಗ ಮನೆಯ ಹಿಂದೆ ಹೋಂಸ್ಟೇ ನಡೆಸುತ್ತಾನೆ. ಹೋದ ಭಾನುವಾರ ಬೆಂಗಳೂರಿನ ಒಂದು ಗುಂಪು ಬಂದಿತ್ತು. ಒಬ್ಬ ಹುಡುಗ ಚಿತ್ರ ನೋಡಿ, ಪಕ್ಕದಲ್ಲೇ ಕೂತಿದ್ದ ಅಜ್ಜನನ್ನೂ ನೋಡಿ, ‘ತಾತ, ಇದರ ಜೊತೆ ನಿಮ್ಮದೊಂದು ಫೋಟೋ ತೆಗೀಲಾ?’ ಅಂದ.

ಅಜ್ಜ ಎಲೆಯಡಿಕೆ ಉಗಿದು ಬಂದು, ಚೇಲೆ ಸರಿ ಮಾಡಿಕೊಂಡರು. ‘ತೆಗಿ. ಐವತ್ತು ರೂಪಾಯಿ. ಚೆನ್ನಾಗಿ ಬರದಿದ್ರೆ ವಾಪಸ್ ಇಲ್ಲ.’