ಗೆರೆ ನುಂಗಿದ ಸ್ಕ್ಯಾನ್

ಮುಂಬಯಿಯ ಮಾಟುಂಗದ ಹೂವಿನ ಅಂಗಡಿಗಳ ಸಾಲನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿದ್ದೆ, ನಮ್ಮ ಕನ್ನಡ ಬಳಗದ ರಾಜ್ಯೋತ್ಸವದ ಆಮಂತ್ರಣಕ್ಕೆ. 600 ಡಿಪಿಐ (ಇಂಚಿಗೆ 600 ಚುಕ್ಕಿ), ಗ್ರೇಸ್ಕೇಲ್ (ಬೂದು ಛಾಯೆಗಳೂ ಉಳಿಯುವ ಬಗೆ) ಎಂದು ಬಿಡಿಸಿ ಹೇಳಿದರೂ ಝೆರಾಕ್ಸ್ ಅಂಗಡಿಯವರು ಬರೀ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟಿದ್ದಾರೆ! ಬೂದು ಛಾಯೆಯೇ ಇಲ್ಲದ ಮೇಲೆ ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ಲೆವೆಲ್ಸ್ (ಕಪ್ಪು, ಬೂದು, ಬಿಳಿಯ ಮಟ್ಟ) ಸರಿಪಡಿಸಿ ಏನು ಪ್ರಯೋಜನ? ಮಲ್ಲಿಗೆ ಮಾಲೆಯ ನವಿರು ಗೆರೆಗಳೆಲ್ಲ ಮಾಯ. ಕಾಗದದ ಕಲೆ ಮಾತ್ರ ಕಡುಗಪ್ಪಾಗಿ ಕುಳಿತಿದೆ. ಸ್ಕ್ಯಾನ್ ಸರಿಯಿದ್ದಿದ್ದರೆ ಗೆರೆಗಳ ಲೇಯರನ್ನು (ಪದರವನ್ನು) ಮಲ್ಟಿಪ್ಲೈ ಎಂಬ ಬೆರೆಸುವ ವಿಧಾನಕ್ಕೆ ಬದಲಿಸಿದರೆ ಸಾಕಿತ್ತು, ಬಿಳಿ ತಾನಾಗಿ ಮರೆಯಾಗಿ ಕೆಳಗಿನ ಬಣ್ಣ ಕಾಣುತ್ತಿತ್ತು. ಈಗಲೋ, ಸೇವಂತಿಗೆಗೆ ಹಳದಿ ತುಂಬಿದರೆ ಒಡೆದ ಗೆರೆಗಳ ಸಂದಿನಿಂದ ಹಿನ್ನೆಲೆಗೆಲ್ಲ ಸೋರುತ್ತದೆ. ಒಂದೊಂದೇ ಸಂದನ್ನು ಕೈಯಿಂದ ಮುಚ್ಚಬೇಕು. ಗಿರಾಕಿ ಕೇಳಿದ ಆಯ್ಕೆಯನ್ನು ಒತ್ತಲು ಅರೆಕ್ಷಣ ಸಾಕು. ಅದನ್ನೂ ಮಾಡದೆ ಹಣವನ್ನು ಮಾತ್ರ ಪೂರ್ತಿ ತೆಗೆದುಕೊಳ್ಳುವುದು ಯಾವ ನ್ಯಾಯ?