ಪೇಟ ತೊಟ್ಟ ಬದನೆಕಾಯಿ

ರಾತ್ರಿ ಒಂಬತ್ತೂವರೆಗೆ ಮಗಳ ನರ್ಸರಿ ಗ್ರೂಪಿನಲ್ಲಿ ಮೆಸೇಜು ಬಂತು. ‘ಈ ವಾರದ ಥೀಮ್ ತರಕಾರಿ. ನಾಳೆ ಮಗುವಿನ ಕೈಲಿ ಒಂದು ತರಕಾರಿ ಕಳಿಸಿ.’ ಫ್ರಿಜ್ ತೆಗೆದು ನೋಡಿದೆ. ಒಂದು ಕಟ್ಟು ಬಾಡಿದ ಕೊತ್ತಂಬರಿ, ಅರ್ಧ ಎಲೆಕೋಸು, ಏಳು ಬದನೆಕಾಯಿ. ಅರ್ಧ ಕೋಸು ಕಳಿಸಿದರೆ ಮರ್ಯಾದೆ ಏನು ಉಳಿಯುತ್ತೆ? ಬದನೆಕಾಯಿಯೇ ಹೋಯಿತು.

ಅದು ಹೋಗಿದ್ದು ಮದುವೆಗೆ ಅಂತ ಮಾರನೆಯ ಸಂಜೆ ಗೊತ್ತಾಯಿತು. ಮಿಸ್ ಕಥೆ ಹೇಳಿದರಂತೆ. ಬದನೆಕಾಯಿ ಮದುಮಗ. ತಲೆ ಮೇಲಿನ ತೊಟ್ಟೇ ಅವನ ಮೈಸೂರು ಪೇಟ. ಟೊಮೆಟೊ ಮದುಮಗಳು, ನಾಚಿಕೊಂಡು ಕೆಂಪಗಾಗಿದ್ದಳು. ನುಗ್ಗೆಕಾಯಿ ತಂದಿದ್ದ ಹುಡುಗ ಅದನ್ನೇ ನಾದಸ್ವರ ಮಾಡಿಕೊಂಡು ಊದಿದ. ಹಾಗಲಕಾಯಿ ಮಾತ್ರ ಮುಖ ಸಿಂಡರಿಸಿಕೊಂಡು ಕೂತ ಬೀಗರು. ಮಗಳು ಒಂದೇ ದಿನದಲ್ಲಿ ಹದಿನಾಲ್ಕು ತರಕಾರಿ ಹೆಸರು ಕಲಿತು ಬಂದಿದ್ದಳು. ಇದೇ ಹೆಸರುಗಳಿಗಾಗಿ ನಾನು ಚಾರ್ಟ್ ತಂದು, ಗೋಡೆಗೆ ಅಂಟಿಸಿ, ಎರಡು ತಿಂಗಳು ಬೆರಳಿಟ್ಟು ತೋರಿಸಿದ್ದೆ. ಆ ಚಾರ್ಟಿನಿಂದ ಅವಳು ಕಲಿತದ್ದು ಸುಣ್ಣದ ಸಮೇತ ಟೇಪ್ ಕೀಳೋದನ್ನ.

ನಾನು ಖುಷಿಪಟ್ಟೆ. ಗುರುವಾರದವರೆಗೆ.

ಗುರುವಾರ ಹೆಂಡತಿ ವಾಂಗೀಬಾತಿಗೆ ಅಂತ ಉಳಿದ ಆರು ಬದನೆಕಾಯಿ ತೊಳೆದು ಹಲಗೆ ಮೇಲಿಟ್ಟಳು. ಈರನಗೆರೆ ಬದನೆ, ಹಸಿರು, ಉದ್ದ. ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು: “ಮದುಮಗನ್ನ ಕೊಯ್ತೀಯಾ?”

ಅವತ್ತು ಮನೆಯಲ್ಲಿ ಚಿತ್ರಾನ್ನ ಆಯಿತು.

ಕಥೆಯ ಕಷ್ಟವೇ ಇದು ಅನ್ನಿಸುತ್ತೆ ನನಗೆ. ಚಾರ್ಟಿನ ಬದನೆಕಾಯಿಯನ್ನ ಯಾರು ಬೇಕಾದರೂ ಕೊಯ್ಯಬಹುದು. ಕಥೆಯೊಳಗೆ ಹೋಗಿ ಬಂದದ್ದು ಹಾಗಲ್ಲ, ಅದಕ್ಕೆ ನೆಂಟರಿಷ್ಟರು ಹುಟ್ಟಿಕೊಂಡಿರುತ್ತಾರೆ.

ಪದ್ಯದ ಕಾಟ ಇನ್ನೊಂದು ಥರ. ಒಂದರಿಂದ ಹತ್ತು ಎಣಿಸುತ್ತಲೇ ಬಾಳೆಲೆ ಹರಡಿ, ಊಟ ಬಡಿಸಿ, ಎಲೆ ಎತ್ತಿಸಿಬಿಡುವ ಪದ್ಯ ನಮಗೆಲ್ಲ ಗೊತ್ತಲ್ವಾ? ಅದರಲ್ಲಿ ಎಲೆ ಆದಮೇಲೆ ಅನ್ನ, ಆಮೇಲೆ ಬೇಳೆ ಸಾರು, ಪಲ್ಯದ ದಂಟು ಬರೋದು ಏಳು ಎಂಟಕ್ಕೆ. ನಮ್ಮ ಕಡೆ ಯಾವ ಮದುವೆ ಮನೆಯಲ್ಲೂ ಹೀಗೆ ಬಡಿಸಲ್ಲ. ಮೊದಲು ಉಪ್ಪು, ಕೋಸಂಬರಿ, ಪಲ್ಯ, ಆಮೇಲೆ ಅನ್ನ. ಪದ್ಯದವರಿಗೇನು, ‘ನಾಕು’ ಅಂದಮೇಲೆ ‘ಹಾಕು’ ಬೇಕು, ‘ಎಂಟು’ ಅಂದಮೇಲೆ ‘ದಂಟು’ ಬೇಕು. ಬಡಿಸುವ ಕ್ರಮವನ್ನ ಪ್ರಾಸವೇ ತೀರ್ಮಾನ ಮಾಡಿದೆ. ಹೋದ ತಿಂಗಳು ನೆಂಟರ ಮದುವೆಯಲ್ಲಿ ಬಡಿಸುವವರು ಬೀನ್ಸ್ ಪಲ್ಯ ತಂದರೆ ನನ್ನ ಮಗಳು ಎಲೆಗೆ ಎರಡೂ ಕೈ ಅಡ್ಡ ಇಟ್ಟು, “ಇನ್ನೂ ಎರಡು! ಅನ್ನ ಬಂದಿಲ್ಲ!” ಅಂತ ಕೂಗಿದಳು. ಪಾಪ, ಅವರು ಪಲ್ಯದ ಬಕೆಟ್ ಹಿಡಿದುಕೊಂಡೇ ನನ್ನ ಮುಖ ನೋಡಿದರು.

ನಗುವ ಹಾಗಿಲ್ಲ. ನನಗೂ ಎಂಟು ಅಂದರೆ ಈಗಲೂ ಮೊದಲು ಕಣ್ಣಿಗೆ ಬರೋದು ದಂಟೇ. ಬ್ಯಾಂಕಿನಲ್ಲಿ ಎಂಟು ಸಾವಿರ ಎಣಿಸುವಾಗಲೂ. ನಾನು ಓದಿದ್ದು, ಓದಿದ್ದು ಅನ್ನೋದು ದೊಡ್ಡ ಮಾತು, ಕೂತಿದ್ದು ಟಿ. ನರಸೀಪುರದ ಕಡೆ ಒಂದು ಹಳ್ಳಿಯ ಅಂಗನವಾಡಿಯಲ್ಲಿ. ಕರ್ನಾಟಕದಲ್ಲಿ ಅಂಗನವಾಡಿ ಶುರುವಾದದ್ದೇ ಆ ತಾಲೂಕಿನಿಂದ, 1975ರ ಅಕ್ಟೋಬರ್ 2ರಂದು. ಆಗ ಥೀಮ್ ಅನ್ನೋ ಮಾತಿರಲಿಲ್ಲ. ಊರಲ್ಲಿ ಹುಣಸೆ ಬಡಿದರೆ ನಮಗೆ ಹುಣಸೆ ಬೀಜದ ವಾರ. ಅದರಲ್ಲೇ ಎಣಿಕೆ, ಅದರಲ್ಲೇ ನೆಲದ ಮೇಲೆ ‘ಅ’ ಬರೆಯೋದು. ಅವರೆಕಾಯಿ ಬಂದರೆ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಟೀಚರಮ್ಮನ ಮನೆಯ ಅವರೆಕಾಯನ್ನೂ ನಾವೇ ಸುಲಿದಿದ್ದೇವೇನೋ ಅಂತ ಈಗ ಅನುಮಾನ ಬರುತ್ತೆ. ಇರಲಿ, ಕಥೆ ಚೆನ್ನಾಗಿ ಹೇಳೋರು.

ಫ್ರೋಬೆಲ್ ಅನ್ನೋ ಜರ್ಮನಿಯ ಮೇಷ್ಟ್ರು 1840ರಲ್ಲಿ ಪುಟ್ಟ ಮಕ್ಕಳ ಶಾಲೆಗೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ಮಕ್ಕಳ ತೋಟ ಅಂತ ಅರ್ಥ. ನಾವು ಎಲ್‌ಕೆಜಿ, ಯುಕೆಜಿ ಅಂತ ದಿನಾ ಹೇಳುತ್ತೇವೆ. ಕೊನೆಯ ‘ಜಿ’ಯಲ್ಲಿ ಒಂದು ತೋಟ ಇದೆ ಅಂತ ನೆನಪಾಗಲ್ಲ, ಫೀಸು ನೆನಪಾಗುತ್ತೆ.

ಬದನೆಕಾಯಿ ವಿಷಯಕ್ಕೆ ಬರೋಣ. ಉಡುಪಿ ಕಡೆಯ ನಮ್ಮತ್ತೆಗೆ ಹೆಂಡತಿ ಫೋನು ಮಾಡಿದಳು. ಅತ್ತೆ ಮೊಮ್ಮಗಳಿಗೆ ಬುದ್ಧಿ ಹೇಳೋಕೆ ಇನ್ನೊಂದು ಕಥೆ ತೆಗೆದರು. ಮಟ್ಟು ಅನ್ನೋ ಊರಿನವರಿಗೆ ಸೋದೆ ಮಠದ ವಾದಿರಾಜರು ಬದನೆ ಬೀಜ ಕೊಟ್ಟರು, ಅದೇ ಮಟ್ಟುಗುಳ್ಳ ಅನ್ನೋ ಕಥೆ. ಗುಂಡಗಿನ, ತಿಳಿಹಸಿರು ಬದನೆ. ಅದಕ್ಕೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು, ಕೂಡ ಸಿಕ್ಕಿದೆ, ಆದರೆ ಅತ್ತೆಗೆ ವಾದಿರಾಜರು ಕೊಟ್ಟದ್ದೇ ದೊಡ್ಡ ಸರ್ಟಿಫಿಕೇಟು.

“ಉಡುಪಿ ಕೃಷ್ಣನಿಗೇ ಆಗ್ತದೆ ಮಗಾ, ನಿನಗೆ ಆಗುದಿಲ್ವಾ?” ಅಂದರು.

“ಅದಕ್ಕೂ ಪೇಟ ಇದೆಯಾ ಅಜ್ಜಿ?”

“ಉಂಟು ಉಂಟು. ಮುಳ್ಳಿನ ಪೇಟ!”

ಮುಗೀತು. ಮೊದಲು ಬರೀ ಮದುಮಗ ಇದ್ದ. ಈಗ ಸ್ವಾಮಿಗಳ ಕಡೆಯ, ಮುಳ್ಳಿನ ಪೇಟದ ದೊಡ್ಡಪ್ಪನೂ ಬಂದ. ಫ್ರಿಜ್ಜಿನ ಆರೂ ಬದನೆಕಾಯಿ ಇನ್ನಷ್ಟು ಗಟ್ಟಿಯಾಗಿ ತಳವೂರಿದವು.

ಭಾನುವಾರ ಮಗಳು ಏಳುವ ಮೊದಲೇ ಹೆಂಡತಿ ಕೆಲಸ ಮುಗಿಸಿದ್ದಳು. ತಿಂಡಿಗೆ ವಾಂಗೀಬಾತು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಮಗಳು ತಟ್ಟೆಯಿಂದ ಒಂದು ಹೋಳು ಎತ್ತಿದಳು. ಈ ಕಡೆ, ಆ ಕಡೆ ತಿರುಗಿಸಿದಳು.

“ಪೇಟ ಎಲ್ಲಿ?”

“ತೊಟ್ಟು ಮೊದಲೇ ತೆಗೆದೆ ಪುಟ್ಟಿ.”

“ಹಾಗಾದ್ರೆ ಇದು ಅವನಲ್ಲ,” ಅಂದು ಬಾಯಿಗೆ ಹಾಕಿಕೊಂಡಳು. ಎರಡನೇ ಸಲವೂ ಬಡಿಸಿಕೊಂಡಳು.

ಸೋಮವಾರದಿಂದ ವಾಹನಗಳ ವಾರ. ಅವಳ ಬ್ಯಾಗು ಸರಿಮಾಡುವಾಗ ಕ್ರೇಯಾನ್ ಡಬ್ಬಿ ಯಾಕೋ ಮುಚ್ಚಿಕೊಳ್ಳಲಿಲ್ಲ. ತೆಗೆದು ನೋಡಿದರೆ ಕಸದ ಬುಟ್ಟಿಯಿಂದ ಆರಿಸಿ ತಂದ ಆರು ಹಸಿರು ಪೇಟ. ಒಂದನ್ನ ಆಗಲೇ ಕೆಂಪು ಕ್ರೇಯಾನಿನ ತಲೆಗೆ ತೊಡಿಸಿದ್ದಳು.